ನ್ಯೂಯಾರ್ಕಿನ ವೇಗದ ಟಿಕೆಟ್: ನ್ಯೂಜೆರ್ಸಿ ಲೈಸೆನ್ಸ್ ಇದ್ದವರೂ ಹೆಚ್ಚುವರಿ ಶುಲ್ಕ ಕಟ್ಟಬೇಕೇ?

ಪ್ರಶ್ನೆ (ಎಡಿಸನ್ ನಿವಾಸಿ)

ನನ್ನ ತಮ್ಮನ ಬಳಿ ಇರುವುದು ನ್ಯೂಜೆರ್ಸಿಯ ಲೈಸೆನ್ಸ್. ನಯಾಗರದಿಂದ ಹಿಂದಿರುಗುವಾಗ ಸಿರಾಕ್ಯೂಸ್ ಸಮೀಪದ ಥ್ರೂವೇಯಲ್ಲಿ ಪೊಲೀಸರು ಅವನ ಕಾರನ್ನು ನಿಲ್ಲಿಸಿ, 65 ಮೈಲಿ ಮಿತಿಯ ರಸ್ತೆಯಲ್ಲಿ 88 ಮೈಲಿ ವೇಗದಲ್ಲಿ ಬರುತ್ತಿದ್ದನೆಂದು ಟಿಕೆಟ್ ಕೊಟ್ಟಿದ್ದಾರೆ. ತಪ್ಪನ್ನು ಒಪ್ಪಿಕೊಂಡು, ಸಹಿ ಮಾಡಿ, ಅಂಚೆಯಲ್ಲಿ ಕಳುಹಿಸಿ, ನ್ಯಾಯಾಲಯ ಹೇಳಿದ ದಂಡವನ್ನು ಕಟ್ಟಿಬಿಟ್ಟರೆ ವಿಷಯ ಮುಗಿಯಿತು ಎಂಬುದು ಅವನ ಎಣಿಕೆ. ಆದರೆ ದಂಡದ ಮೇಲೆ ಇನ್ನೊಂದು ಶುಲ್ಕವನ್ನು ಮೂರು ವರ್ಷ ಕಟ್ಟಬೇಕಾಗುತ್ತದೆಂದೂ, ಅದು ಹೊರರಾಜ್ಯದವರಿಗೂ ತಪ್ಪುವುದಿಲ್ಲವೆಂದೂ ಸ್ನೇಹಿತರೊಬ್ಬರು ಹೇಳಿದ್ದಾರೆ. ಇದು ನಿಜವೇ? ನಿಜವಾದರೆ, ಸಹಿ ಮಾಡುವ ಮೊದಲು ಅವನು ಏನನ್ನು ಯೋಚಿಸಬೇಕು? ಬಲ್ಲವರು ತಿಳಿಸಿಕೊಡಬೇಕಾಗಿ ಕೋರುತ್ತೇನೆ.

ಉತ್ತರ 1 (ಆಲ್ಬನಿಯಿಂದ)

ನಿಮ್ಮ ಸ್ನೇಹಿತರು ಹೇಳಿರುವುದು ನಿಜ. ದಯವಿಟ್ಟು ತಮ್ಮನಿಗೆ ಇಂದೇ ಫೋನ್ ಮಾಡಿ, ಆ ಕಾಗದಕ್ಕೆ ಇನ್ನೂ ಸಹಿ ಹಾಕಬಾರದೆಂದು ಹೇಳಿ.

ಮಿತಿಗಿಂತ 21ರಿಂದ 30 ಮೈಲಿ ಹೆಚ್ಚು ವೇಗಕ್ಕೆ ನ್ಯೂಯಾರ್ಕಿನಲ್ಲಿ 6 ಪಾಯಿಂಟ್‌ಗಳು, ಅಂದರೆ ಚಾಲಕನ ದಾಖಲೆಯಲ್ಲಿ ಸೇರುವ ತಪ್ಪಿನ ಅಂಕಗಳು, ಬೀಳುತ್ತವೆ. ಹದಿನೆಂಟು ತಿಂಗಳೊಳಗಿನ ಉಲ್ಲಂಘನೆಗಳಿಂದ 6 ಅಥವಾ ಅದಕ್ಕಿಂತ ಹೆಚ್ಚು ಪಾಯಿಂಟ್ ಸೇರಿದವರಿಗೆಲ್ಲ ರಾಜ್ಯದ ಮೋಟಾರು ವಾಹನ ಇಲಾಖೆ, ಅಂದರೆ ಡಿಎಂವಿ, 2004ರ ನವೆಂಬರ್‌ನಿಂದ ‘ಡ್ರೈವರ್ ರೆಸ್ಪಾನ್ಸಿಬಿಲಿಟಿ ಅಸೆಸ್‌ಮೆಂಟ್’ ಎಂಬ ಶುಲ್ಕವನ್ನು ವಿಧಿಸುತ್ತಿದೆ. ಆರು ಪಾಯಿಂಟ್‌ಗಳಿಗೆ ವರ್ಷಕ್ಕೆ 100 ಡಾಲರ್, ಆರರ ಮೇಲಿನ ಪ್ರತಿ ಪಾಯಿಂಟ್‌ಗೆ ವರ್ಷಕ್ಕೆ 25 ಡಾಲರ್. ಹೀಗೆ ಮೂರು ವರ್ಷ. ನಿಮ್ಮ ತಮ್ಮನಿಗೆ ಇದೊಂದೇ ಟಿಕೆಟ್ ಆಗಿದ್ದರೆ ಒಟ್ಟು 300 ಡಾಲರ್ ಆಗುತ್ತದೆ. ಆ ಅವಧಿಯಲ್ಲೇ ನ್ಯೂಯಾರ್ಕಿನಲ್ಲಿ ಪಡೆದ 4 ಪಾಯಿಂಟ್‌ಗಳ ಇನ್ನೊಂದು ಟಿಕೆಟ್ ಇದ್ದರೆ ಅದು 600ಕ್ಕೆ ಏರುತ್ತದೆ. ನ್ಯಾಯಾಲಯ ವಿಧಿಸುವ ದಂಡ ಇದರಲ್ಲಿ ಸೇರಿಲ್ಲ. ಮೊದಲ ಸಲದ ಇಂಥ ಉಲ್ಲಂಘನೆಗೆ ದಂಡ 90ರಿಂದ 300 ಡಾಲರ್‌ವರೆಗೆ ಇರುತ್ತದೆ. ಟೌನ್ ಅಥವಾ ವಿಲೇಜ್ ನ್ಯಾಯಾಲಯವಾದರೆ ಅದರ ಮೇಲೆ 93 ಡಾಲರ್‌ಗಳ ಕಡ್ಡಾಯ ಸರ್‌ಚಾರ್ಜ್ ಬೇರೆ.

ಜನರು ಮೋಸಹೋಗುವುದು ಇಲ್ಲಿಯೇ. ದಂಡ ಕಟ್ಟಿಸಿಕೊಳ್ಳುವುದು ನ್ಯಾಯಾಲಯ, ಈ ಶುಲ್ಕದ ಪತ್ರ ಕಳುಹಿಸುವುದು ಡಿಎಂವಿ. ಎರಡನೆಯದು ಮನೆಗೆ ಬರುವ ಹೊತ್ತಿಗೆ ತಪ್ಪೊಪ್ಪಿಗೆ ದಾಖಲಾಗಿರುತ್ತದೆ. ಆಮೇಲೆ ಅದನ್ನು ಹಿಂದಕ್ಕೆ ಪಡೆಯುವುದು ಬಹಳ ಕಷ್ಟ. ಪಾಯಿಂಟ್ ಇಳಿಸುವ ತರಗತಿಗೆ ಸೇರಿದರೂ ಈ ಶುಲ್ಕ ಕಡಿಮೆಯಾಗುವುದಿಲ್ಲ. ಆದ್ದರಿಂದ ಯೋಚನೆ ಮಾಡಬೇಕಾದದ್ದು ಈಗಲೇ. ಟಿಕೆಟ್ಟಿನಲ್ಲಿರುವ ದಿನಾಂಕದೊಳಗೆ ‘ತಪ್ಪಿತಸ್ಥನಲ್ಲ’ ಎಂದು ಉತ್ತರಿಸಿದರೆ, ಅನೇಕ ಸಣ್ಣ ಊರುಗಳ ನ್ಯಾಯಾಲಯಗಳಲ್ಲಿ ಪ್ರಾಸಿಕ್ಯೂಟರ್ ಕಡಿಮೆ ಪಾಯಿಂಟ್‌ಗಳ ಆರೋಪಕ್ಕೆ, ಕೆಲವೊಮ್ಮೆ ಪಾಯಿಂಟ್ ಇಲ್ಲದ ಪಾರ್ಕಿಂಗ್ ಉಲ್ಲಂಘನೆಗೆ ಸಹ, ಇಳಿಸಲು ಒಪ್ಪುತ್ತಾರೆ. ಇದು ಹಕ್ಕಲ್ಲ, ಅವರ ವಿವೇಚನೆಗೆ ಬಿಟ್ಟದ್ದು. ಆರರಿಂದ ನಾಲ್ಕಕ್ಕೆ ಇಳಿದರೂ ಸಾಕು, 300 ಡಾಲರ್ ಉಳಿಯುತ್ತದೆ.

ಇನ್ನು ಸ್ವಂತ ರಾಜ್ಯದ ವಿಚಾರ. ಡ್ರೈವರ್ ಲೈಸೆನ್ಸ್ ಕಾಂಪ್ಯಾಕ್ಟ್ ಎಂಬ ಅಂತರರಾಜ್ಯ ಒಪ್ಪಂದದಲ್ಲಿ ಎರಡೂ ರಾಜ್ಯಗಳಿರುವುದರಿಂದ ಸುದ್ದಿ ನ್ಯೂಜೆರ್ಸಿಗೂ ತಲುಪುತ್ತದೆ. ಹೊರರಾಜ್ಯದ ಇಂಥ ಉಲ್ಲಂಘನೆಗೆ ನ್ಯೂಜೆರ್ಸಿ 2 ಪಾಯಿಂಟ್ ಹಾಕುತ್ತದೆ.

ಉತ್ತರ 2 (ಚಾರ್ಲಟ್‌ನಿಂದ)

ಮಾಹಿತಿ ಸರಿಯಾಗಿದೆ, ಆದರೆ ವ್ಯವಸ್ಥೆ ನ್ಯಾಯವಾದುದೆಂದು ನನಗೆ ತೋರುವುದಿಲ್ಲ. ಸ್ಥಳೀಯನಾದವನು ಅರ್ಧ ದಿನ ರಜೆ ಹಾಕಿ ನ್ಯಾಯಾಲಯಕ್ಕೆ ಹೋಗಿ ಬರಬಹುದು. ನಾಲ್ಕು ಗಂಟೆಯ ದಾರಿಯಿಂದ ಬರಬೇಕಾದವನು ಅದರ ಬದಲು ಸಹಿ ಮಾಡಿ ಹಣ ಕಳುಹಿಸಿಬಿಡುತ್ತಾನೆ. ಕಾನೂನು ಇಬ್ಬರಿಗೂ ಒಂದೇ ಆದರೂ ಅದರ ಭಾರ ದೂರದವನ ಮೇಲೆ ಹೆಚ್ಚು ಬೀಳುತ್ತದೆ. ಜಾರ್ಜಿಯಾದ್ದೂ ಇದೇ ಕಥೆ. ಅಲ್ಲಿ ಎರಡು ಪಥದ ರಸ್ತೆಯಲ್ಲಿ 75, ಬೇರಾವುದೇ ರಸ್ತೆಯಲ್ಲಿ 85 ಮೈಲಿ ಮುಟ್ಟಿದವರಿಗೆ 2010ರಿಂದ ‘ಸೂಪರ್ ಸ್ಪೀಡರ್’ ಎಂದು 200 ಡಾಲರ್ ಹೆಚ್ಚುವರಿ ಶುಲ್ಕವಿದೆ. ಅಟ್ಲಾಂಟಾಕ್ಕೆ ಹೋಗಿಬರುವ ನಮ್ಮವರಲ್ಲಿ ಬಹಳ ಮಂದಿಗೆ ಇದರ ಸುಳಿವೇ ಇರುವುದಿಲ್ಲ.

ಉತ್ತರ 3 (ಆಲ್ಬನಿಯಿಂದ, ಮತ್ತೆ)

ದೂರದವರಿಗೆ ತೊಂದರೆ ಹೆಚ್ಚು ಎಂಬುದನ್ನು ಒಪ್ಪುತ್ತೇನೆ. ಆದರೆ ಹೊರಗಿನವರನ್ನು ಬಿಟ್ಟುಬಿಡುವುದು ಪರಿಹಾರವಲ್ಲ. ವರ್ಜೀನಿಯಾ 2007ರ ಜುಲೈಯಲ್ಲಿ ಇಂಥದೇ ಭಾರಿ ಶುಲ್ಕಗಳನ್ನು ತನ್ನ ನಿವಾಸಿಗಳಿಗೆ ಮಾತ್ರ ವಿಧಿಸಿತು. ಒಂದೇ ರಸ್ತೆಯಲ್ಲಿ ಒಂದೇ ಅಪರಾಧ ಮಾಡಿದ ಹೊರರಾಜ್ಯದವನಿಗೆ ಇಲ್ಲದ ಹೊರೆ ತಮಗೇಕೆ ಎಂದು ಅಲ್ಲಿಯ ಜನ ಸಿಡಿದೆದ್ದರು, ಮರುವರ್ಷವೇ ಆ ಕಾನೂನು ರದ್ದಾಯಿತು. ನನ್ನ ಆಕ್ಷೇಪ ಬೇರೆ: ಈ ಶುಲ್ಕದ ಮೊತ್ತವನ್ನು ಟಿಕೆಟ್ಟಿನ ಮೇಲೆಯೇ, ಸಹಿ ಮಾಡುವ ಜಾಗದ ಪಕ್ಕದಲ್ಲಿ, ದೊಡ್ಡ ಅಕ್ಷರಗಳಲ್ಲಿ ಮುದ್ರಿಸಬೇಕು. ಇನ್ನು ಪ್ರಯಾಣದ ತೊಂದರೆಗೆ ದಾರಿಯಿದೆ. ಹಲವು ನ್ಯಾಯಾಲಯಗಳು ಆರೋಪ ಇಳಿಸುವ ಕೋರಿಕೆಯನ್ನು ಅಂಚೆಯಲ್ಲೇ ಸ್ವೀಕರಿಸುತ್ತವೆ. ಸ್ಥಳೀಯ ವಕೀಲರನ್ನು ಗೊತ್ತುಮಾಡಿದರೆ ಸಾಮಾನ್ಯವಾಗಿ ಚಾಲಕನ ಪರವಾಗಿ ಅವರೇ ಹಾಜರಾಗುತ್ತಾರೆ. ಮೊದಲು ನ್ಯಾಯಾಲಯದ ಗುಮಾಸ್ತರಿಗೆ ಫೋನ್ ಮಾಡಿ ವಿಚಾರಿಸಲಿ.

ಉತ್ತರ 4 (ಕ್ವೀನ್ಸ್‌ನಿಂದ)

ಮೇಲಿನ ಸಲಹೆ ನ್ಯೂಯಾರ್ಕ್ ನಗರದೊಳಗೆ ಸಿಕ್ಕ ಟಿಕೆಟ್ಟಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ನಗರದಲ್ಲಿ ಇಂಥ ಪ್ರಕರಣಗಳನ್ನು ಡಿಎಂವಿಯ ಟ್ರಾಫಿಕ್ ವಯೊಲೇಷನ್ಸ್ ಬ್ಯೂರೊ ನಡೆಸುತ್ತದೆ. ಅಲ್ಲಿ ಆರೋಪ ಇಳಿಸುವ ಮಾತುಕತೆಗೆ ಅವಕಾಶವೇ ಇಲ್ಲ. ಹಾಗೆಯೇ ಶಾಲಾ ವಲಯದ ಕ್ಯಾಮೆರಾ ಕಳುಹಿಸುವ 50 ಡಾಲರ್ ನೋಟಿಸು ಕಾರಿನ ಮಾಲೀಕರ ಹೆಸರಿಗೆ ಬರುತ್ತದೆ. ಅದಕ್ಕೆ ಪಾಯಿಂಟ್ ಇಲ್ಲ, ಆದ್ದರಿಂದ ಮೂರು ವರ್ಷದ ಶುಲ್ಕವೂ ಇಲ್ಲ.

ಉತ್ತರ 5 (ರೋಚೆಸ್ಟರ್‌ನಿಂದ)

ಟಿಕೆಟ್ಟಿಗೆ ಉತ್ತರವನ್ನೇ ಕೊಡದೆ ಸುಮ್ಮನಿರುವ ಆಲೋಚನೆಯನ್ನು ಮಾತ್ರ ಯಾರೂ ಮಾಡಬಾರದು. ನಾನ್‌ರೆಸಿಡೆಂಟ್ ವಯೊಲೇಟರ್ ಕಾಂಪ್ಯಾಕ್ಟ್ ಎಂಬ ಇನ್ನೊಂದು ಒಪ್ಪಂದದ ಪ್ರಕಾರ ನ್ಯೂಯಾರ್ಕ್ ಈ ಸಂಗತಿಯನ್ನು ನ್ಯೂಜೆರ್ಸಿಗೆ ತಿಳಿಸುತ್ತದೆ, ಆಗ ಸ್ವಂತ ಲೈಸೆನ್ಸೇ ಅಮಾನತಾಗಬಹುದು. ಮೂರು ವರ್ಷದ ಶುಲ್ಕ ಕಟ್ಟದಿದ್ದರೆ ನ್ಯೂಯಾರ್ಕಿನಲ್ಲಿ ವಾಹನ ಓಡಿಸುವ ಅನುಮತಿ ಅಮಾನತಾಗುತ್ತದೆ. ಅದನ್ನರಿತೂ ಇಲ್ಲಿ ಕಾರು ಓಡಿಸಿ ಸಿಕ್ಕಿಬಿದ್ದರೆ ಅದು ಬರಿಯ ಸಂಚಾರ ಉಲ್ಲಂಘನೆಯಾಗಿ ಉಳಿಯದೆ ಕ್ರಿಮಿನಲ್ ಪ್ರಕರಣವಾಗಬಹುದು. ವೀಸಾದ ಮೇಲೆ ಇರುವವರಿಗೆ ಇದರ ಪರಿಣಾಮ ಎಂಥದೆಂದು ವಿವರಿಸಬೇಕಾಗಿಲ್ಲ. ನಿಮ್ಮ ತಮ್ಮ ಈಚೆಗೆ ಮನೆ ಬದಲಿಸಿದ್ದರೆ ನ್ಯಾಯಾಲಯಕ್ಕೂ ನ್ಯೂಯಾರ್ಕ್ ಡಿಎಂವಿಗೂ ಹೊಸ ವಿಳಾಸವನ್ನು ಬರೆದು ತಿಳಿಸಲಿ, ಏಕೆಂದರೆ ಪತ್ರ ಹಳೆಯ ಮನೆಗೆ ಹೋಯಿತೆಂಬ ಕಾರಣಕ್ಕೆ ಶುಲ್ಕದ ಗಡುವು ಮುಂದೆ ಹೋಗುವುದಿಲ್ಲ.