ಆಯುಧಪೂಜೆಗೆ ಬಿಚ್ಚಿದ ಬೋಲ್ಟ್ ವಾಪಸ್ ಕೂರುತ್ತಿಲ್ಲ: .315 ರೈಫಲ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಮಳವಳ್ಳಿ ಕಡೆಯ ಸದಸ್ಯರು):

ಸರ್, ನಮಸ್ಕಾರ. ಎರಡು ತಿಂಗಳ ಹಿಂದೆ .315 ಸ್ಪೋರ್ಟಿಂಗ್ ರೈಫಲ್ ತಗೊಂಡೆ. ಲೈಸೆನ್ಸ್ ನನ್ನ ಹೆಸರಲ್ಲೇ ಇದೆ. ಹೊಚ್ಚ ಹೊಸದು, ಇನ್ನೂ ಒಂದು ತೋಟಾ ಕೂಡ ಹಾರಿಸಿಲ್ಲ. ಆಯುಧಪೂಜೆಗೆ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ, ಹಿಡಿ ಇರುವ ಕಬ್ಬಿಣದ ದಂಡ) ಹೊರಗೆ ತೆಗೆದು, ಒರೆಸಿ, ಎಲ್ಲದಕ್ಕೂ ಅರಿಶಿನ ಕುಂಕುಮ ಇಟ್ಟು, ಟ್ರ್ಯಾಕ್ಟರ್ ಪಕ್ಕ ಮಣೆ ಮೇಲೆ ಇಟ್ಟು ಪೂಜೆ ಮಾಡಿದೆವು. ವಿಜಯದಶಮಿ ಬೆಳಿಗ್ಗೆ ಬೋಲ್ಟ್ ಹಾಕಲು ಹೋದರೆ ಸ್ವಲ್ಪ ದೂರ ಹೋಗಿ ಟಕ್ ಅಂತ ನಿಲ್ಲುತ್ತದೆ. ಎಣ್ಣೆ ಬಿಟ್ಟೆ. ಅಂಗೈಯಲ್ಲಿ ಗುದ್ದಿದೆ. ಜಪ್ಪಯ್ಯ ಅಂದರೂ ಒಳಗೆ ಹೋಗುತ್ತಿಲ್ಲ. ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟೋಣ ಅಂತ ಭಾವ ಹೇಳುತ್ತಿದ್ದಾರೆ. ಅವರ ಹತ್ತಿರವೂ ಇದೇ ರೈಫಲ್ ಇದೆ, ಅವರ ಬೋಲ್ಟ್ ಹಾಕಿ ನೋಡಬಹುದಾ? ಎರಡು ಫೋಟೋ ಹಾಕಿದ್ದೇನೆ.

ಉತ್ತರ (ಮೈಸೂರು, ನಿವೃತ್ತ ಆರ್ಮರರ್, ಅಂದರೆ ಬಂದೂಕು ದುರಸ್ತಿ ಮಾಡುವವರು):

ತಮ್ಮಾ, ಮೊದಲು ಆ ಸುತ್ತಿಗೆ ಒಳಗಿಡಿ. ಭಾವನವರ ಬೋಲ್ಟೂ ಬೇಡ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮ್ಯಾಗಜೀನ್ ಕಳಚಿ ಪಕ್ಕಕ್ಕಿಡಿ. ತೋಟಾ ಡಬ್ಬಿ ಬೇರೆ ಕೋಣೆಯಲ್ಲಿರಲಿ. ಹಾರಿಸಿಯೇ ಇಲ್ಲ ಅಂದರೂ ಸರಿ, ತೋಟಾ ಕೂರುವ ಗೂಡಿಗೆ, ಅಂದರೆ ಚೇಂಬರಿಗೆ, ಟಾರ್ಚ್ ಬಿಟ್ಟು, ಕಿರುಬೆರಳು ಹಾಕಿ ಖಾಲಿ ಇದೆ ಅಂತ ನೋಡಿಕೊಳ್ಳಿ.

ನಿಮ್ಮ ಎರಡನೇ ಫೋಟೋದಲ್ಲೇ ಉತ್ತರ ಇದೆ. ಬೋಲ್ಟಿನ ಮೂತಿಯನ್ನು ದೊಡ್ಡದು ಮಾಡಿ ನೋಡಿ. ನಡುವಿನ ತೂತಿನಿಂದ, ತೋಟಾಕ್ಕೆ ಹೊಡೆಯುವ ಪಿನ್ನಿನ ತುದಿ ಇಣುಕುತ್ತಿದೆ, ಒಂದು ರಾಗಿ ಕಾಳಿನಷ್ಟು. ಹೊರಗೆ ತೆಗೆದಿಟ್ಟ ಬೋಲ್ಟಿನಲ್ಲಿ ಅದು ಕಾಣಬಾರದು. ಕಾಣುತ್ತಿದೆ ಅಂದರೆ ಹಿಂದಿನ ಕಾಕಿಂಗ್ ಪೀಸ್ (ಪಿನ್ನಿನ ಹಿಂತುದಿಯ ಗುಬ್ಬಿಯಂಥ ತುಂಡು) ತಿರುಗಿ ಮುಂದಕ್ಕೆ ಬಿದ್ದಿದೆ. ಒರೆಸುವಾಗ ಹಿಂದಿನ ಗುಬ್ಬಿಯನ್ನು ಹಿಡಿದು ತಿರುವಿದ್ದೀರಿ, ಚಟ್ ಅಂತ ಸದ್ದು ಬಂದಿದೆ. ಹೌದಲ್ವಾ?

ಈ ರೈಫಲ್ಲಿನ ಬೋಲ್ಟು ಬ್ರಿಟಿಷರ ಕಾಲದ ಹಳೇ ಸೇನಾ ರೈಫಲ್ ಲೀ-ಎನ್‌ಫೀಲ್ಡ್ .303ರ ವಂಶದ್ದು. ಬೋಲ್ಟಿನ ಹಿಂದಿನ ಅಂಚಿನಲ್ಲಿ ಎರಡು ಕಚ್ಚು ಇವೆ, ಒಂದು ಗಿಡ್ಡ, ಒಂದು ಉದ್ದ. ಹಿಡಿ ಮೇಲೆತ್ತಿ ಬೋಲ್ಟ್ ಹೊರಗೆ ಎಳೆದಾಗ ಕಾಕಿಂಗ್ ಪೀಸಿನ ಮೊಳೆ ಗಿಡ್ಡ ಕಚ್ಚಿನಲ್ಲಿ ಕೂತಿರುತ್ತದೆ. ಆಗ ಅದರ ನಾಲಿಗೆಯೂ ಬೋಲ್ಟಿನ ಪಕ್ಕದ ಗಿಡ್ಡ ಗಂಟೂ ಒಂದೇ ಗೆರೆಯಲ್ಲಿ ಇರುತ್ತವೆ. ನೀವು ತಿರುವಿದಾಗ ಮೊಳೆ ಗಿಡ್ಡ ಕಚ್ಚಿನಿಂದ ಜಾರಿ ಉದ್ದ ಕಚ್ಚಿಗೆ ಬಿದ್ದಿದೆ. ನಾಲಿಗೆ ಓರೆಯಾಗಿದೆ. ರೈಫಲ್ಲಿನಲ್ಲಿ ಆ ನಾಲಿಗೆಗೆ ಇರುವುದು ಒಂದೇ ದಾರಿ, ಓರೆಯಾದರೆ ಅದು ಕಬ್ಬಿಣಕ್ಕೆ ಹೋಗಿ ಬಡಿಯುತ್ತದೆ. ನೀವು ಕೇಳಿದ ಟಕ್ ಅದೇ. ರೈಫಲ್ ಕೆಟ್ಟಿಲ್ಲ, ಗಾಬರಿ ಬೇಡ.

ಈಗ ಸರಿಮಾಡುವುದು ಹೀಗೆ. ಗಟ್ಟಿಯಾದ ಮರದ ಮೇಜಿನ ಅಂಚಿಗೆ ದಪ್ಪ ಬಟ್ಟೆ ಹಾಕಿ. ಕಾಕಿಂಗ್ ಪೀಸಿನ ನಾಲಿಗೆಯನ್ನು ಆ ಅಂಚಿಗೆ ಸಿಕ್ಕಿಸಿ. ಎರಡೂ ಕೈಯಲ್ಲಿ ಬೋಲ್ಟ್ ಹಿಡಿದು, ಕಾಕಿಂಗ್ ಪೀಸ್ ಹಿಂದಕ್ಕೆ ಸರಿಯುವ ಹಾಗೆ ಎಳೆಯುತ್ತಾ ತಿರುವಿ. ಒಳಗಿನ ಸ್ಪ್ರಿಂಗು ಗಟ್ಟಿ ಇರುತ್ತದೆ, ಬರಿಗೈಯಲ್ಲಿ ಆಗುವ ಕೆಲಸ ಅಲ್ಲ. ಮೂತಿಯ ಮುಂದೆ ಬೆರಳು, ಮುಖ ಯಾವುದೂ ಇರಬಾರದು. ಮೊಳೆ ಗಿಡ್ಡ ಕಚ್ಚಿಗೆ ಕೂತ ತಕ್ಷಣ ಕೈಗೆ ಗೊತ್ತಾಗುತ್ತದೆ. ಮೂತಿ ತಿರುಗಿಸಿ ನೋಡಿ, ರಾಗಿ ಕಾಳು ಮಾಯವಾಗಿರುತ್ತದೆ.

ರೈಫಲ್ಲಿಗೆ ಹಾಕುವ ಮೊದಲು ನಾವು ರಂಗರೂಟುಗಳಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದ ಮೂರು ಮಾತು ನೆನಪಿಡಿ. ಬೋಲ್ಟಿನ ನಂಬರೂ ರೈಫಲ್ ನಂಬರೂ ಒಂದೇ ಇರಬೇಕು. ಗಂಟು ಮತ್ತು ನಾಲಿಗೆ ಒಂದೇ ಗೆರೆಯಲ್ಲಿರಬೇಕು. ಬೋಲ್ಟಿನ ತಲೆ ಪೂರ್ತಿ ತಿರುಪು ಆಗಿರಬೇಕು. ಈ ಮೂರನೆಯದನ್ನು ಜಾಸ್ತಿ ಜನ ಮರೆಯುತ್ತಾರೆ. ತಲೆ ಬೇರೆ ತುಂಡು, ಅದು ಬೋಲ್ಟಿಗೆ ತಿರುಪಿನಲ್ಲಿ ಕೂರುತ್ತದೆ. ಒರೆಸುವ ಭರದಲ್ಲಿ ಒಂದು ಸುತ್ತು ಬಿಚ್ಚಿಕೊಂಡಿದ್ದರೆ ಕಣ್ಣಿಗೆ ಸರಿಯಾಗೇ ಕಾಣುತ್ತದೆ, ಆದರೆ ಒಂದು ಎಳೆಯಷ್ಟು ಮುಂದೆ ಇರುತ್ತದೆ. ಹಾಗಿರುವಾಗ ಬಲವಂತವಾಗಿ ಮುಚ್ಚಿ ತೋಟಾ ಹಾರಿಸುವುದು ಪ್ರಾಣಕ್ಕೇ ಅಪಾಯ. ಪೂರ್ತಿ ತಿರುವಿ, ಕೊನೆಗೆ ಮುಟ್ಟಿದ ಮೇಲೆ ಮಾತ್ರ ಬಿಡಿ.

ಆಮೇಲೆ ಸೇಫ್ಟಿ ಮುಂದಕ್ಕೆ ಮಾಡಿ. ಬೋಲ್ಟಿನ ತಲೆಯ ಕೊಕ್ಕೆ ಮೇಲ್ಮುಖವಾಗಿರುವಂತೆ ಹಿಂದಿನಿಂದ ತೂರಿಸಿ. ತಲೆ ಮುಂದಿನ ಅಡ್ಡ ದಾಟಿದ ಮೇಲೆ ಹೆಬ್ಬೆರಳಲ್ಲಿ ಬಲಗಡೆಗೆ ಕೆಳಗೆ ಒತ್ತಿ. ಕ್ಲಿಕ್ ಅಂತ ಹಿಡಿಯುತ್ತದೆ.

ಇನ್ನು ಭಾವನವರ ಬೋಲ್ಟು. ನೋಡಲು ಎರಡೂ ಒಂದೇ, ಒಳಗೆ ಹೋಗಲೂಬಹುದು. ಆದರೆ ತೋಟಾದ ಹಿಂಭಾಗಕ್ಕೂ ಬೋಲ್ಟಿನ ಮುಖಕ್ಕೂ ನಡುವಿನ ಸಂದು ಪ್ರತಿ ರೈಫಲ್ಲಿಗೂ ಅಳೆದು ಕೂರಿಸಿದ್ದು. ಅದು ಕೂದಲಷ್ಟು ಹೆಚ್ಚಾದರೂ ತೋಟಾದ ಹಿತ್ತಾಳೆ ಸೀಳಬಹುದು. ಅದಕ್ಕೇ ನಂಬರ್ ಹೊಡೆದಿರುವುದು.

ಪ್ರಶ್ನೆ (ಮಳವಳ್ಳಿ):

ಸರ್, ಕೂತುಬಿಟ್ಟಿತು! ಚಟ್ ಅಂದದ್ದೂ ನಿಜ, ಮಗಳು ಪಕ್ಕದಲ್ಲಿದ್ದಳು, ಅವಳೇ ನೆನಪಿಸಿದಳು. ಬೋಲ್ಟಿನ ತಲೆಯೂ ಅರ್ಧ ಸುತ್ತು ಸಡಿಲ ಇತ್ತು. ಆದರೆ ಈಗ ಹಿಂದೆ ಮುಂದೆ ಎಳೆದರೆ ಮರಳು ಉಜ್ಜಿದ ಹಾಗೆ ಗರಗರ ಅನ್ನುತ್ತದೆ. ಇನ್ನೂ ಎಣ್ಣೆ ಬೇಕಾ?

ಉತ್ತರ:

ಒಳ್ಳೆಯದಾಯಿತು. ಎಣ್ಣೆ ಬೇಡ, ಎಣ್ಣೆ ಜಾಸ್ತಿಯಾಗಿಯೇ ಹೀಗಾಗಿದೆ. ಕುಂಕುಮ ಅರಿಶಿನದ ಪುಡಿ ಎಣ್ಣೆಯಲ್ಲಿ ಕಲೆತು ಗೊಜ್ಜಾಗಿದೆ. ಬೋಲ್ಟ್ ತೆಗೆದು ಸೀಮೆಎಣ್ಣೆಯಲ್ಲಿ ಅದ್ದಿದ ಹಳೇ ಟೂತ್‌ಬ್ರಶ್ಶಿನಿಂದ ಉಜ್ಜಿ. ತೋಟಾ ಎಳೆಯುವ ಉಗುರಿನ ಸಂದು, ಪಿನ್ನಿನ ತೂತು, ಬೋಲ್ಟ್ ಓಡುವ ಕಾಲುವೆ, ಚೇಂಬರ್, ಇವಿಷ್ಟು ಮುಖ್ಯ. ಬಿಳಿ ಬಟ್ಟೆಗೆ ಕೆಂಪು ಹತ್ತುವುದು ನಿಲ್ಲುವ ತನಕ ಒರೆಸಿ. ನಳಿಗೆಗೆ ಒಣಬಟ್ಟೆ ಎರಡು ಸಲ ಎಳೆಯಿರಿ. ಕೊನೆಗೆ ಗನ್ ಎಣ್ಣೆ ನಾಲ್ಕೇ ಹನಿ, ಅದನ್ನೂ ಬಟ್ಟೆಯಲ್ಲಿ ಸವರಿ.

ಇನ್ನೊಬ್ಬ ಸದಸ್ಯರು (ಶ್ರೀರಂಗಪಟ್ಟಣ):

ಗನ್ ಎಣ್ಣೆ ಬದಲು ಕೊಬ್ಬರಿ ಎಣ್ಣೆ ನಡೆಯುತ್ತದಾ ಸರ್? ನಮ್ಮ ಮನೆಯಲ್ಲಿ ತಾತನ ಕಾಲದಿಂದ ಅದೇ.

ಉತ್ತರ:

ಬೇಡಿ ಸ್ವಾಮಿ. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ ಗಟ್ಟಿಯಾಗುತ್ತದೆ. ಮಾರ್ಗಶಿರದ ಬೆಳಿಗ್ಗೆ ಬಾಟಲಿಯೊಳಗೆ ನೋಡಿರುತ್ತೀರಲ್ಲ, ಪಿನ್ನಿನ ಸ್ಪ್ರಿಂಗಿನ ಒಳಗೂ ಹಾಗೇ ಆಗುತ್ತದೆ. ವರ್ಷ ಕಳೆದಂತೆ ಅಂಟಾಗುತ್ತದೆ. ಹೊಲಿಗೆ ಮಿಷನ್ನಿನ ಎಣ್ಣೆ ಇದ್ದರೆ ಅದು ವಾಸಿ. ಚುನಾವಣೆ ಸಮಯದಲ್ಲಿ ಠಾಣೆಯಲ್ಲಿ ಠೇವಣಿ ಇಡುವ ಮುನ್ನ ಮಾತ್ರ ಸ್ವಲ್ಪ ಧಾರಾಳವಾಗಿ ಸವರಿ. ತಿಂಗಳುಗಟ್ಟಲೆ ಯಾರೂ ಮುಟ್ಟುವುದಿಲ್ಲ, ತುಕ್ಕು ಅಲ್ಲೇ ಹಿಡಿಯುವುದು.

ಮಳವಳ್ಳಿಯವರೇ, ಒರೆಸಿದ ಮೇಲೂ ಗರಗರ ಹೋಗದಿದ್ದರೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರವೇ ತೆಗೆದುಕೊಂಡು ಹೋಗಿ, ಲೈಸೆನ್ಸ್ ಪುಸ್ತಕವೂ ಜೊತೆಯಲ್ಲಿರಲಿ. ಲೇತ್ ಅಂಗಡಿಗೆ ಕೊಡಬೇಡಿ. ಮುಂದಿನ ವರ್ಷ ಪೂಜೆಗೆ ಬೋಲ್ಟ್ ರೈಫಲ್ಲಿನಲ್ಲೇ ಇರಲಿ. ಗಂಧ ಕುಂಕುಮ ಹಿಂದಿನ ಮರದ ದಸ್ತಿನ ಮೇಲೆ ಒಂದು ಬೊಟ್ಟು ಇಡಿ. ನಿಂಬೆಹಣ್ಣು ಇಡುವುದಾದರೆ ಮಣೆ ಮೇಲೆ ಇಡಿ, ಅದರ ರಸ ಕಬ್ಬಿಣದ ಕಪ್ಪು ಬಣ್ಣವನ್ನು ತಿಂದುಹಾಕುತ್ತದೆ.