ಉಪಗ್ರಹ ಚಿತ್ರದಲ್ಲಿ ತೀರರೇಖೆ 22 ಮೀಟರ್ ಹಿಂದೆ ಸರಿದಿದೆ: ಇದನ್ನು ಕಡಲ್ಕೊರೆತ ಎನ್ನಬಹುದೇ?

ಪ್ರಶ್ನೆ

ಮಂಗಳೂರಿನ ದಕ್ಷಿಣಕ್ಕಿರುವ ನಮ್ಮೂರಿನ ಕಡಲ ತೀರ ಎಷ್ಟು ಕೊರೆದುಹೋಗಿದೆ ಎಂದು ತಿಳಿಯಲು 1991ರ ಫೆಬ್ರವರಿಯ ಲ್ಯಾಂಡ್‌ಸ್ಯಾಟ್-5 ಚಿತ್ರವನ್ನೂ 2023ರ ನವೆಂಬರಿನ ಸೆಂಟಿನೆಲ್-2 ಚಿತ್ರವನ್ನೂ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಒಂದರ ಮೇಲೊಂದಿಟ್ಟು ನೋಡಿದೆ. ಚಿತ್ರದ ಹಸಿರು ಮತ್ತು ಸಮೀಪದ ಅವಕೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಬೆಳಕಿನ ಪಟ್ಟಿಗಳಿಂದ, ನೀರನ್ನು ನೆಲದಿಂದ ಬೇರ್ಪಡಿಸಿ ತೋರಿಸುವ ಜಲಸೂಚ್ಯಂಕವನ್ನು ಲೆಕ್ಕ ಹಾಕಿ ನೀರು ಮತ್ತು ನೆಲದ ಗಡಿಯನ್ನು ಎಳೆದಾಗ ಒಂದು ಕಡೆ ಗೆರೆ 22 ಮೀಟರ್ ಒಳಕ್ಕೆ ಸರಿದಂತೆ ಕಾಣುತ್ತದೆ. ಆದರೆ ಕಳೆದ ಫೆಬ್ರವರಿಯಲ್ಲಿ ಫೋನಿನ ಜಿಪಿಎಸ್ ಹಿಡಿದು ಅದೇ ಜಾಗದ ನೀರಂಚಿನಲ್ಲಿ ನಡೆದಾಗ ಸಿಕ್ಕ ಗೆರೆ, 2023ರ ಗೆರೆಗಿಂತ ಹತ್ತು ಹನ್ನೆರಡು ಮೀಟರ್ ಕಡಲ ಕಡೆಗಿದೆ. ಪಂಚಾಯಿತಿಯವರ ಮುಂದೆ ಇಡಬೇಕಾದ ಅಂಕಿ ಇದು. ನಾನು ಎಲ್ಲಿ ತಪ್ಪಿದ್ದೇನೆ?

ಉತ್ತರ 1

ಗೆರೆ ಎಳೆದದ್ದರಲ್ಲಿ ತಪ್ಪಿಲ್ಲ, ಅದಕ್ಕೆ ತೀರರೇಖೆ ಎಂದು ಹೆಸರಿಟ್ಟದ್ದರಲ್ಲಿ ತಪ್ಪಿದೆ. ಉಪಗ್ರಹ ಹಾದುಹೋದ ಆ ಕ್ಷಣದಲ್ಲಿ ನೀರು ಎಲ್ಲಿತ್ತು ಎಂಬುದನ್ನಷ್ಟೇ ಚಿತ್ರ ಹೇಳುತ್ತದೆ. ಉಬ್ಬರದ ಎತ್ತರದಲ್ಲಿ 1 ಮೀಟರ್ ವ್ಯತ್ಯಾಸವಾದರೆ, 15 ಮೀಟರಿಗೆ 1 ಮೀಟರ್ ಇಳಿಯುವ ಮರಳಿನ ಮೇಲೆ ನೀರಂಚು 15 ಮೀಟರ್ ಸರಿಯುತ್ತದೆ; ಮರಳು ಚಪ್ಪಟೆಯಾದಷ್ಟೂ ಈ ಸರಿತ ಹೆಚ್ಚು. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಉಬ್ಬರವಿಳಿತದ ಕೋಷ್ಟಕ ಪ್ರಕಟಿಸುತ್ತದೆ. ಉಬ್ಬರವಿಳಿತ ಮುಖ್ಯವಾಗಿ ಸೂರ್ಯ ಚಂದ್ರರ ಲೆಕ್ಕವಾದ್ದರಿಂದ 1991ರ ಆ ಗಂಟೆಯ ಎತ್ತರವನ್ನೂ ಹಿಂದಕ್ಕೆ ಲೆಕ್ಕ ಹಾಕಬಹುದು. ಎರಡೂ ಗೆರೆಗಳನ್ನು ಸರಾಸರಿ ಸಮುದ್ರಮಟ್ಟದಂತಹ ಒಂದೇ ಎತ್ತರಕ್ಕೆ ತಂದ ಮೇಲೆಯೇ ಹೋಲಿಸಿ.

ಇನ್ನೊಂದು ವಿಷಯ ತಿಂಗಳಿನದು. ಮಳೆಗಾಲದ ಅಲೆಗಳು ಎಳೆದೊಯ್ದ ಮರಳನ್ನು ಕಡಲು ಬೇಸಿಗೆಯವರೆಗೆ ಸ್ವಲ್ಪಸ್ವಲ್ಪವಾಗಿ ಹಿಂದಿರುಗಿಸುತ್ತದೆ. ನವೆಂಬರಿನಲ್ಲಿ ಆ ಮರಳು ಪೂರ್ತಿ ಮರಳಿರುವುದಿಲ್ಲ. ಫೆಬ್ರವರಿಯನ್ನು ನವೆಂಬರಿನೊಂದಿಗೆ ಹೋಲಿಸಿದರೆ ಋತುವಿನ ವ್ಯತ್ಯಾಸವೇ ಮೂವತ್ತೆರಡು ವರ್ಷಗಳ ಕೊರೆತದಂತೆ ತೋರುತ್ತದೆ. ನೀವು ಕಾಲ್ನಡಿಗೆಯಲ್ಲಿ ಅಳೆದ ಗೆರೆ ಹೊರಗೆ ಬಂದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಉತ್ತರ 2

ಮೇಲಿನ ಮಾತಿಗೆ ಪಿಕ್ಸೆಲ್‌ನ ವಿಷಯ ಸೇರಿಸುತ್ತೇನೆ. ಲ್ಯಾಂಡ್‌ಸ್ಯಾಟ್-5ರ ಒಂದು ಪಿಕ್ಸೆಲ್ ನೆಲದ ಮೇಲೆ 30 ಮೀಟರ್, ಸೆಂಟಿನೆಲ್-2ರದ್ದು ನೀವು ಬಳಸಿದ ಪಟ್ಟಿಗಳಲ್ಲಿ 10 ಮೀಟರ್. ಪಿಕ್ಸೆಲ್‌ಗಳ ಮೆಟ್ಟಿಲಿನಂಥ ಅಂಚನ್ನೇ ಗೆರೆಯೆಂದು ತೆಗೆದುಕೊಳ್ಳದೆ, ಅಕ್ಕಪಕ್ಕದ ಪಿಕ್ಸೆಲ್‌ಗಳ ಸೂಚ್ಯಂಕದ ಬೆಲೆಗಳ ನಡುವೆ ಸಮೋನ್ನತಿ ರೇಖೆಯಂತೆ ಗೆರೆ ಹಾಯಿಸಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕೋಸ್ಟ್‌ಸ್ಯಾಟ್ ಎಂಬ ಮುಕ್ತ ತಂತ್ರಾಂಶ ಹೀಗೆಯೇ ಮಾಡುತ್ತದೆ. ಮರಳು, ನೀರು, ನೊರೆಗಳನ್ನು ಮೊದಲೇ ಬೇರ್ಪಡಿಸುತ್ತದೆ. ಅಷ್ಟಾದರೂ ಅದರ ನಿಖರತೆ ಸುಮಾರು 10 ಮೀಟರ್.

ನೊರೆಯ ಬಗ್ಗೆ ನಿಜವಾಗಿಯೂ ಎಚ್ಚರ ಬೇಕು. ಅಲೆ ಒಡೆಯುವಲ್ಲಿನ ಬಿಳಿ ನೊರೆ ಮತ್ತು ನೇತ್ರಾವತಿಯ ಅಳಿವೆಯಿಂದ ಬರುವ ಕೆಂಪು ಕದಡು ನೀರು ಸಮೀಪದ ಅವಕೆಂಪಿನಲ್ಲಿ ಹೊಳೆದು ನೆಲವೆಂದು ಮೋಸಗೊಳಿಸುತ್ತವೆ. ಕಿರುತರಂಗ ಅವಕೆಂಪನ್ನು (ಸಮೀಪದ ಅವಕೆಂಪಿಗಿಂತ ಉದ್ದ ತರಂಗದ ಇನ್ನೊಂದು ಪಟ್ಟಿ) ನೀರು ಕದಡಿದ್ದರೂ ಹೀರಿಬಿಡುತ್ತದೆ. ಹಾಗಾಗಿ ಹಸಿರಿನೊಂದಿಗೆ ಆ ಪಟ್ಟಿಯನ್ನು ಬಳಸಿ. ಸೆಂಟಿನೆಲ್-2ರಲ್ಲಿ ಅದು 20 ಮೀಟರಿನದಾದರೂ ನಷ್ಟವಿಲ್ಲ.

ದೋಷವನ್ನು ಅಂಕಿಯಲ್ಲಿಯೇ ಬರೆಯಿರಿ. ಹಳೆಯ ಗೆರೆಯಲ್ಲಿ 15 ಮೀಟರ್, ಹೊಸದರಲ್ಲಿ 8 ಮೀಟರ್ ಅನಿಶ್ಚಿತತೆ ಇದೆಯೆಂದು ಇಟ್ಟುಕೊಂಡರೆ, ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದಾಗ 17 ಮೀಟರ್ ಬರುತ್ತದೆ.

ಉತ್ತರ 3

ನಾನು ಉಳ್ಳಾಲದ ಕಡೆಯವನು. ಕಲ್ಲಿನ ತಡೆಗೋಡೆ ಇರುವಲ್ಲಿ ನೀರಂಚಿನ ಗೆರೆಯನ್ನು ದಯವಿಟ್ಟು ನಂಬಬೇಡಿ. ಗೋಡೆಯ ಮುಂದಿನ ಮರಳೆಲ್ಲ ಹೋಗಿ ಅಲೆ ಕಲ್ಲಿಗೇ ಬಡಿಯತೊಡಗಿದ ಮೇಲೆ ಗೆರೆ ಅಲ್ಲಿಯೇ ನಿಂತುಬಿಡುತ್ತದೆ. ನಕ್ಷೆ ನೋಡಿದವರಿಗೆ ತೀರ ಸ್ಥಿರವಾಗಿದೆ ಎನಿಸುತ್ತದೆ, ದೋಣಿ ಎಳೆದಿಡಲು ಜಾಗವಿಲ್ಲದವನಿಗೆ ಮಾತ್ರ ನಿಜ ಗೊತ್ತಿರುತ್ತದೆ. ಅಂಥಲ್ಲಿ ಕಲ್ಲಿನ ಬುಡದಿಂದ ನೀರಿನವರೆಗಿನ ಮರಳಿನ ಅಗಲವನ್ನು ಅಳೆಯಿರಿ. ಗೋಡೆಯಿಲ್ಲದ ಕಡೆ ಗಾಳಿಮರಗಳ ಸಾಲಿನ ಅಂಚನ್ನೂ ಬೇರೆಯಾಗಿ ಗುರುತಿಸಿ. ಅದು ದಿನದ ಉಬ್ಬರಕ್ಕೆ ಕದಲುವುದಿಲ್ಲ. ನಡೆದು ಅಳೆಯುವಾಗ ನೀರಂಚಿನ ಬದಲು ಒಣಗಿದ ಎಲೆ, ಚಿಪ್ಪು, ಬಲೆಯ ತುಂಡುಗಳು ಸಾಲಾಗಿ ಬಿದ್ದಿರುವ ಉಬ್ಬರದ ಗೆರೆಯ ಮೇಲೆ ನಡೆಯಿರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಹಗ್ಗ ಮತ್ತು ನೀರಿನ ಟ್ಯೂಬ್‌ಮಟ್ಟದಿಂದ ಅಳೆದಾಗ ಇಳಿಜಾರು 15ಕ್ಕೆ 1 ಎಂದೇ ಬಂತು. 2023ರ ಚಿತ್ರದ ಹೊತ್ತಿಗೆ ನೀರು 1991ರದ್ದಕ್ಕಿಂತ 0.6 ಮೀಟರ್ ಎತ್ತರದಲ್ಲಿತ್ತು. ಅಂದರೆ 22ರಲ್ಲಿ 9 ಮೀಟರ್ ಉಬ್ಬರದ್ದು. ಉಳಿದ 13 ಮೀಟರ್ 17ರ ಅನಿಶ್ಚಿತತೆಯ ಒಳಗೇ ಇರುವುದರಿಂದ ಈ ಎರಡು ಚಿತ್ರಗಳ ಬಲದ ಮೇಲೆ ಕೊರೆತವಾಗಿದೆ ಎಂದು ಪಂಚಾಯಿತಿಗೆ ಬರೆದುಕೊಡಲಾರೆ. ಕೊರೆತವಾಗಿಲ್ಲ ಎಂದೂ ಬರೆಯಲಾರೆ. 2016ರಿಂದ ಈಚಿನ ಪ್ರತಿ ಜನವರಿ, ಫೆಬ್ರವರಿ, ಮಾರ್ಚ್ ತಿಂಗಳುಗಳ ಮೋಡವಿಲ್ಲದ ಸೆಂಟಿನೆಲ್-2 ಚಿತ್ರಗಳನ್ನೆಲ್ಲ ಇಳಿಸಿಕೊಳ್ಳುತ್ತಿದ್ದೇನೆ. ತಡೆಗೋಡೆಯ ಭಾಗಕ್ಕೆ ಮರಳಿನ ಅಗಲದ ಕೋಷ್ಟಕವನ್ನು ಪ್ರತ್ಯೇಕವಾಗಿ ಮಾಡಿ ಇಲ್ಲಿಯೇ ಹಾಕುತ್ತೇನೆ.