ಎಟಿಪಿ ದ್ರಾವಣ: ರೀಡಿಂಗ್ ಸರಿ, ಕೆಲಸ ಇಲ್ಲ

ಪುಣೆ ಲ್ಯಾಬ್:
100 ಮಿಲಿಮೋಲಾರ್ ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ಅಣು) ಫ್ರಿಜ್‌ನಲ್ಲಿದೆ. 260 ನ್ಯಾನೊಮೀಟರ್‌ನಲ್ಲಿ ಬೆಳಕು ಹೀರುವಿಕೆಯ ರೀಡಿಂಗ್ ಮೊದಲಿನಷ್ಟೇ, ಆದರೆ ಲೂಸಿಫರೇಸ್ (ಎಟಿಪಿ ಬಳಸಿ ಬೆಳಕು ಬೀರುವ ಕಿಣ್ವ) ಬೆಳಕು ಕುಗ್ಗಿದೆ. ಯಾಕೆ?

ಕೋಥ್ರೂಡ್ ಕನ್ನಡಿಗ:
ಆ ರೀಡಿಂಗ್ ನಂಬಬೇಡಿ. 260ರಲ್ಲಿ ಬೆಳಕು ಹೀರುವುದು ಎಟಿಪಿಯ ಅಡೆನೀನ್ ಭಾಗ; ಅದು ರೈಬೋಸ್ ಸಕ್ಕರೆಯ 1ನೇ ಇಂಗಾಲದಲ್ಲಿದೆ. ಫಾಸ್ಫೇಟ್ ಸಾಲು ಇರುವುದು 5ನೆಯದರಲ್ಲಿ. ತುದಿಯ ಫಾಸ್ಫೇಟ್ ಕಳಚಿ ಎಡಿಪಿ ಆದರೂ ಮೀಟರಿಗೆ ಗೊತ್ತಾಗಲ್ಲ. ಪಿಎಚ್ ನೋಡಿದಿರಾ? ಎಟಿಪಿಯ ಡೈಸೋಡಿಯಂ ಲವಣ ಕರಗಿಸಿದರೆ 3ರ ಆಸುಪಾಸು ಇರುತ್ತೆ, ಆಮ್ಲದಲ್ಲಿ ಎಟಿಪಿ ಬೇಗ ಒಡೆಯುತ್ತೆ. 551 ಮಿಲಿಗ್ರಾಂ (ಜಲರಹಿತ ಲೆಕ್ಕ) 7 ಮಿಲಿ ತಣ್ಣೀರಲ್ಲಿ ಕರಗಿಸಿ, 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಹಾಕಿ 7ಕ್ಕೆ ತನ್ನಿ, ಆಮೇಲೆ 10 ಮಿಲಿ ಮಾಡಿ. ಸಣ್ಣ ಟ್ಯೂಬ್‌ಗಳಿಗೆ ಹಂಚಿ ಮೈನಸ್ 20ರಲ್ಲಿಡಿ. ಹೆಪ್ಪುಗಟ್ಟಿದ್ದನ್ನು ಪದೇಪದೇ ಕರಗಿಸಬೇಡಿ.

ದಾದರ್ ಮಾವ:
ಮೆಗ್ನೀಸಿಯಂ ಮರೀಬೇಡಿ, ಕಿಣ್ವಕ್ಕೆ ಬೇಕಾದ್ದು ಮೆಗ್ನೀಸಿಯಂ-ಎಟಿಪಿ ಜೋಡಿ. ಮುಂಬೈ-ಪುಣೆ ಮಳೆಗಾಲದಲ್ಲಿ ಪುಡಿಯ ಬಾಟಲಿ ಕೋಣೆಯ ಬಿಸಿಗೆ ಬಂದಮೇಲೇ ಮುಚ್ಚಳ ತೆಗೀರಿ. ಇಲ್ಲದಿದ್ದರೆ ತೇವ ಕೂತು ತೂಕವೇ ಸುಳ್ಳಾಗುತ್ತೆ.

ಪುಣೆ ಲ್ಯಾಬ್:
ಪಿಎಚ್ 3.2 ಇದೆ! ಒಡೆದ ಎಟಿಪಿಯ ಶಕ್ತಿ ಎಲ್ಲಿ ಹೋಯ್ತು ಸರ್?

ಕೋಥ್ರೂಡ್ ಕನ್ನಡಿಗ:
ಶಾಖವಾಗಿ ನೀರಿಗೆ. ಕೆಲಸಕ್ಕೆ ಸಿಗಬಹುದಾಗಿದ್ದ ಶಕ್ತಿ (ಮುಕ್ತ ಶಕ್ತಿ) ಪ್ರಮಾಣಿತ ಸ್ಥಿತಿಯಲ್ಲಿ ಮೋಲ್‌ಗೆ ಸುಮಾರು 30.5 ಕಿಲೋಜೂಲ್. ಜೀವಕೋಶದಲ್ಲಿ ಅದು 50ರ ಹತ್ತಿರ, ಏಕೆಂದರೆ ಅಲ್ಲಿ ಎಡಿಪಿಗಿಂತ ಎಟಿಪಿಯನ್ನು ಸದಾ ಬಹಳ ಹೆಚ್ಚಾಗಿ ಇಟ್ಟಿರುತ್ತದೆ.